ತಿಪ್ಪೇರುದ್ರಮ್ಮನ ಗಂಡನನ್ನು ಹುಡುಕಿಕೊಟ್ಟ ಮರುಳಸಿದ್ದಮ್ಮ

ಬೆಳಗಿನ ಆರೂವರೆ. ಹಂಪಸಾಗರದ ಸಮೀಪದ ಈ ಊರಿನ ಹಾಲಿನ ಡೇರಿಯ ಮುಂದೆ ಕ್ಯಾನುಗಳ ಸದ್ದು ಶುರುವಾಗಿದೆ. ಪಕ್ಕದಲ್ಲೇ ಇರುವ ಗ್ರಾಮ ಪಂಚಾಯಿತಿ ಗ್ರಂಥಾಲಯದ ಬೀಗ ತೆಗೆದು, ಕಸ ಗುಡಿಸಿ, ನಿನ್ನೆಯ ಪೇಪರುಗಳನ್ನು ಮಡಿಸಿಟ್ಟು ಮರುಳಸಿದ್ದಮ್ಮ ಕಂಪ್ಯೂಟರಿನ ಮುಂದೆ ಕೂರುತ್ತಾರೆ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಹೆಸರುಗಳ ಸಾಲು. ಎರಡನೇ ಮಹಾಯುದ್ಧದಲ್ಲಿ ಸತ್ತ ಸೈನಿಕರ ಹೆಸರುಗಳವು. ಬೆರಳನ್ನು ಪರದೆಗೆ ತಾಗಿಸಿ, ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುತ್ತಾರೆ.

“ಹುಡುಗ್ರು ಎದ್ದು ಮೊಬೈಲ್ ಹಿಡದ್ರಂದ್ರ ನಮ್ಮ ನೆಟ್ ಎತ್ತಿನ ಗಾಡಿ ಆಗ್ತತ್ರಿ. ಅದಕ್ಕ ಅವರು ಏಳೋದ್ರಾಗ ನಾ ಸತ್ತೋರನ್ನ ಎಬ್ಬಿಸಿ ಮಾತಾಡಸ್ತೀನಿ” ಎಂದು ನಗುತ್ತಾರೆ.

ಮರುಳಸಿದ್ದಮ್ಮನವರಿಗೆ ನಲವತ್ತಾರು ವರ್ಷ. ತವರು ಕೂಡ್ಲಿಗಿ ಕಡೆ. ಓದಿದ್ದು ಪಿಯುಸಿ. ಪತಿ ದುರುಗೇಶ್ ಕುರಿ ಸಾಕುತ್ತಾರೆ. ಗ್ರಂಥಾಲಯಕ್ಕೆ ದಿನಕ್ಕೆ ನಲವತ್ತು, ಐವತ್ತು ಜನ ಬರುತ್ತಾರೆ. ಪೇಪರು ಓದುವ ಹಿರಿಯರು, ಪರೀಕ್ಷೆಗೆ ಕೂರುವ ಹುಡುಗಿಯರು, ಚಿತ್ರದ ಪುಸ್ತಕಕ್ಕಾಗಿ ಜಗಳವಾಡುವ ಮಕ್ಕಳು. ಅವರನ್ನೆಲ್ಲ ನೋಡಿಕೊಳ್ಳುವುದಷ್ಟೇ ಇವರ ಕೆಲಸ. ದಂಡಿಗೆ ಹೋದವರನ್ನು ಹುಡುಕಿಕೊಡಿ ಎಂದು ಯಾವ ಆದೇಶದಲ್ಲೂ ಬರೆದಿಲ್ಲ.

ಮೂರು ವರ್ಷದ ಹಿಂದೆ ಒಂದು ತರಬೇತಿಯಲ್ಲಿ, ಯುದ್ಧದಲ್ಲಿ ಮಡಿದವರ ವಿವರವನ್ನು ಉಚಿತವಾಗಿ ಹುಡುಕಬಹುದಾದ ಜಾಲತಾಣಗಳನ್ನು ಯಾರೋ ತೋರಿಸಿದರಂತೆ. “ದುಡ್ಡು ಕೇಳಂಗಿಲ್ಲ, ಹೆಸರು ಕೇಳ್ತತಿ ಅಷ್ಟ. ಹೆಸರಿಗೇನು ನಮ್ಮಲ್ಲಿ ಬರಗಾಲನ?” ಈ ಸೀಮೆ ಮದರಾಸು ಪ್ರಾಂತ್ಯದಲ್ಲಿದ್ದ ಕಾಲದಲ್ಲಿ ಪಲ್ಟನ್ನು ಸೇರಿದವರ ಮನೆಗಳು ಎಲ್ಲ ಕಡೆ ಇವೆ. ಎಷ್ಟು ಜನ ಹೋದರು ಎಂದು ನಾನು ವಿಚಾರಿಸಿದವರಲ್ಲಿ ಯಾರೂ ಖಚಿತವಾಗಿ ಹೇಳಲಿಲ್ಲ, ಹಾಗಾಗಿ ಇಲ್ಲಿ ಬರೆಯುತ್ತಿಲ್ಲ. ಸುದ್ದಿ ಬಾಯಿಂದ ಬಾಯಿಗೆ ಹರಡಿ, ಈಗ ಕೊಟ್ಟೂರು, ಮಾಗಳ, ಹರಪನಹಳ್ಳಿ ಕಡೆಯಿಂದಲೂ ಇವರನ್ನು ಕೇಳಿಕೊಂಡು ಬರುತ್ತಾರೆ. ಬಂದವರಲ್ಲಿ ಮೂರನೇ ಒಂದು ಭಾಗದಷ್ಟು ಜನರಿಗೂ ತಮ್ಮ ಪೂರ್ವಜರು ಸಿಕ್ಕಿಲ್ಲ ಎಂದು ಮರುಳಸಿದ್ದಮ್ಮನವರೇ ಒಪ್ಪುತ್ತಾರೆ.

ಸಿಕ್ಕವರಲ್ಲಿ ಒಬ್ಬರು ಕನಕಮ್ಮನವರ ತಂದೆ ನಾಗಪ್ಪ.

ಕನಕಮ್ಮ ಇದೇ ಊರಿನವರು, ಎಂಬತ್ತು ದಾಟಿದ್ದಾರೆ. ಅವರು ತಾಯಿಯ ಹೊಟ್ಟೆಯಲ್ಲಿದ್ದಾಗ ದಂಡಿಗೆ ಹೋದ ನಾಗಪ್ಪ ತಿರುಗಿ ಬರಲಿಲ್ಲ. ಸತ್ತ ಸುದ್ದಿಯೂ ಬರಲಿಲ್ಲ. ತಾಯಿ ತಿಪ್ಪೇರುದ್ರಮ್ಮ ಕುಂಕುಮ ಅಳಿಸಲಿಲ್ಲ, ಬಳೆ ತೆಗೆಯಲಿಲ್ಲ. ಡ್ಯಾಮಿನ ಹಿನ್ನೀರು ಬಂದು ಊರು ಮೇಲಕ್ಕೆ ಸರಿದಾಗ, ‘ನಮ್ಮನಿಯವರು ಬಂದ್ರ ಹೊಸ ಮನಿ ತೋರಸ್ರಿ’ ಎಂದು ದೋಣಿಯವರಿಗೆಲ್ಲ ಹೇಳಿಟ್ಟಿದ್ದರಂತೆ. ಐವತ್ತು ವರ್ಷ ಹಾಗೇ ಬಾಳಿ, ಮುತ್ತೈದೆಯಾಗಿಯೇ ಹೋದರು. ಹಿರಿಯರ ಹಬ್ಬದಲ್ಲಿ ಆ ಮನೆಯಲ್ಲಿ ತಿಪ್ಪೇರುದ್ರಮ್ಮನಿಗೆ ಬಳೆ ಸಮೇತ ಎಡೆ ಇಡುತ್ತಾರೆ. ನಾಗಪ್ಪನಿಗೆ ಇಲ್ಲ. ಬದುಕಿರಬಹುದಾದವನಿಗೆ ಎಡೆ ಇಡುವುದು ಹೇಗೆ?

“ಬದುಕಿದ್ರ ನೂರಾ ಮೂರು ಆಗ್ತಿತ್ತು ನಮ್ಮಪ್ಪಗ. ಇನ್ನೆಲ್ಲಿ ಬರ್ತಾನ? ಹಸಗೊಂಡು ಕುಂತಾನ ಅನ್ನಿಸ್ತಿತ್ತು” ಎನ್ನುತ್ತಾರೆ ಕನಕಮ್ಮ. ಕಳೆದ ವರ್ಷ ಹಬ್ಬಕ್ಕೆ ತಿಂಗಳಿರುವಾಗ ಅವರು ಗ್ರಂಥಾಲಯದ ಮೆಟ್ಟಿಲು ಹತ್ತಿದರು. ಜೊತೆಗೆ ಮೊಮ್ಮಗ ಕ್ರಾಂತಿಕುಮಾರ್, ಬಸ್ ಕಂಡಕ್ಟರ್. ಮೊಮ್ಮಗ ಬುದ್ಧವಂದನೆ ಮಾಡುವವರು, ಎಡೆ ಇಡುವವರಲ್ಲ. “ಎಡಿ ಅಜ್ಜಿದು, ಕೈ ಹಿಡದು ಕರಕೊಂಡು ಬರೋದು ನಂದು” ಎನ್ನುತ್ತಾರೆ.

ಹುಡುಕಿದ ಮೊದಲ ದಿನವೇ ಬಳ್ಳಾರಿ ಜಿಲ್ಲೆಯ ಒಬ್ಬ ನಾಗಪ್ಪ ಸಿಕ್ಕರು. ಕ್ರಾಂತಿಕುಮಾರ್ ಎದ್ದು ನಿಂತು ಚಪ್ಪಾಳೆ ಹೊಡೆದರು. ಮರುಳಸಿದ್ದಮ್ಮ ಮಾತ್ರ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಆ ನಾಗಪ್ಪನ ತಂದೆಯ ಹೆಸರು ಬೇರೆ ಇತ್ತು.

“ಬಿಡ್ರಿ ಅಕ್ಕಾ. ಜಿಲ್ಲಾನೂ ಅದ, ಹೆಸರೂ ಅದ. ಅಜ್ಜಿಗೆ ಸಮಾಧಾನ ಆಗ್ತತಿ” ಎಂದರು ಕ್ರಾಂತಿಕುಮಾರ್.

“ಆಗ್ತತಿ ತಮ್ಮಾ. ಆದ್ರ ನಿಮ್ಮನಿ ಎಡಿ ಇನ್ನೊಬ್ಬರ ಮನಿ ಅಜ್ಜ ಉಂಡು ಹೋಗ್ತಾನ. ನಿಮ್ಮಜ್ಜ ಹಸಗೊಂಡ ಇರ್ತಾನ.”

ಕನಕಮ್ಮ ಮೊಮ್ಮಗನ ತೋಳು ಹಿಡಿದು ಕೂರಿಸಿದರು. “ಕುಂದ್ರಲೇ. ಆಕಿ ಹೇಳೋದು ಖರೇ ಐತಿ.”

ಮುಂದಿನ ಮೂರು ವಾರ ದಿನಾ ಬೆಳಿಗ್ಗೆ ಹುಡುಕಾಟ. ಒಂದು ದಿನ ಹಾಲು ಹಿಂಡುವಾಗ ಮರುಳಸಿದ್ದಮ್ಮನಿಗೆ ಹೊಳೆಯಿತಂತೆ: ಈ ದಾಖಲೆಗಳಲ್ಲಿ ಕೆಲವು ಸಲ ಹೆಂಡತಿಯ ಹೆಸರೂ ಇರುತ್ತದೆ. “ನಾಗಪ್ಪಗೋಳು ರಾಶಿ ರಾಶಿ ಅದಾರ್ರಿ. ತಿಪ್ಪೇರುದ್ರಮ್ಮ ಎಷ್ಟು ಮಂದಿ ಇರ್ತಾರ?” ಅರ್ಧ ಹಾಲು ಹಿಂಡಿದ ಎಮ್ಮೆಯನ್ನು ಗಂಡನಿಗೆ ಒಪ್ಪಿಸಿ ಓಡಿಬಂದರು. ಗಂಡನನ್ನು ಹುಡುಕಲು ಹೆಂಡತಿಯ ಹೆಸರು ಒತ್ತಿದರು. ಒಂದೇ ಒಂದು ಸಾಲು ಬಂತು. ನಾಗಪ್ಪ, ರಸ್ತೆ ಮಾಡುವ ದಳದ ಸಿಪಾಯಿ. ಕನಕಮ್ಮ ಹೇಳಿದ್ದಂತೆಯೇ ಜೋಗಪ್ಪನ ಮಗ, ತಿಪ್ಪೇರುದ್ರಮ್ಮನ ಗಂಡ. ಊರೂ ಇದೇ. ಸತ್ತದ್ದು ಬರ್ಮಾದಲ್ಲಿ, ೧೯೪೪ರಲ್ಲಿ. ಅಲ್ಲಿಯ ಸ್ಮಾರಕದ ಮೇಲೆ ಹೆಸರು ಕೆತ್ತಿದೆ.

ಕನಕಮ್ಮನನ್ನು ಕರೆಸಿ ಓದಿ ಹೇಳಿದಾಗ ಅವರು ಅಳುತ್ತಾರೆಂದು ಮರುಳಸಿದ್ದಮ್ಮ ನೀರಿನ ತಂಬಿಗೆ ಹಿಡಿದೇ ನಿಂತಿದ್ದರು. ಕನಕಮ್ಮ ಕೇಳಿದ್ದು ಬೇರೆ. “ನಮ್ಮವ್ವನ ಹೆಸರು ಇನ್ನೊಂದು ಸಲ ಓದವ್ವಾ.” ಓದಿದರು. “ಇನ್ನೊಂದು ಸಲ.” ತಾಯಿಯದೊಂದು ಫೋಟೊ ಕೂಡ ಆ ಮನೆಯಲ್ಲಿಲ್ಲ. “ನೋಡಲೇ ಕ್ರಾಂತಿ, ನಮ್ಮವ್ವನೇ ಹೋಗಿ ಹುಡಿಕ್ಯಂಡು ಬಂದಾಳ ಗಂಡನ್ನ!” ಎಂದು ಕೈ ತಟ್ಟಿ ನಕ್ಕರು. ತಂಬಿಗೆಯ ನೀರು ಮರುಳಸಿದ್ದಮ್ಮನೇ ಕುಡಿದರು.

ಆದರೆ ಮನೆಯಲ್ಲಿ ಇನ್ನೊಂದು ಮಾತು ಎದ್ದಿತು. ಕನಕಮ್ಮನ ನಾದಿನಿ ಮಂಜಮ್ಮ ಪದ್ಧತಿ ಬಿಡದವರು. ನಾಗಪ್ಪ ೧೯೪೪ರಲ್ಲೇ ಸತ್ತಿದ್ದರೆ ತಿಪ್ಪೇರುದ್ರಮ್ಮ ಅಂದಿನಿಂದ ವಿಧವೆಯೇ, ಇನ್ನು ಅವಳ ಎಡೆಗೆ ಬಳೆ ಇಡಬಾರದು ಎಂದರು. ತಂದೆಗೆ ಅನ್ನ ಸಿಗಬೇಕಾದರೆ ತಾಯಿಯ ಬಳೆ ಹೋಗಬೇಕೆ? ಎರಡು ದಿನ ಕನಕಮ್ಮ ಸರಿಯಾಗಿ ಉಣ್ಣಲಿಲ್ಲವಂತೆ. ಮೂರನೆಯ ದಿನ ಮಂಜಮ್ಮನ ಎದುರು ಹೋಗಿ ನಿಂತರು.

“ಐವತ್ತು ವರ್ಷ ತೊಟ್ಟ ಬಳಿ ಅವು. ಸರ್ಕಾರದೋರು ಆಕಿನ್ನ ತಿಪ್ಪೇರುದ್ರಮ್ಮ, ನಾಗಪ್ಪನ ಹೇಣ್ತಿ ಅಂತ ಬರದಾರ. ರಂಡಿಮುಂಡಿ ಅಂತ ಬರದಿಲ್ಲ. ಈಗ ಒಡಿಯಾಕ ನೀ ಯಾವಾಕಿ?”

ಮಂಜಮ್ಮ ಎದ್ದು ಹೋದರು. ಸಂಜೆ ಬಂದಾಗ ಕೈಯಲ್ಲಿ ಒಂದು ಡಜನ್ ಹಸಿರು ಬಳೆ. “ಗಾಜಿನವ ಅದಾವ, ಪ್ಲಾಸ್ಟಿಕ್ ಅಲ್ಲ. ಸರಿಯಾಗಿ ನೋಡಿಕ್ಯ” ಎಂದು ಸಿಡುಕಿ ಕೊಟ್ಟರು.

ಹಬ್ಬದ ದಿನ ಕನಕಮ್ಮ ಎರಡು ಎಲೆ ಹಾಸಲಿಲ್ಲ. ಒಂದೇ ದೊಡ್ಡ ಬಾಳೆ ಎಲೆ, ಅದರ ಒಂದು ಬದಿಗೆ ಪಂಚೆ, ಇನ್ನೊಂದು ಬದಿಗೆ ಬಳೆ. ಹೋಳಿಗೆ, ಅನ್ನ, ಬದನೆಕಾಯಿ ಪಲ್ಯ. ನಾಗಪ್ಪನಿಗೆ ಏನು ಸೇರುತ್ತಿತ್ತೆಂದು ಬಲ್ಲವರು ಯಾರೂ ಉಳಿದಿರಲಿಲ್ಲ. ಹಾಗಾಗಿ ಎಲ್ಲವನ್ನೂ ಬಡಿಸಿದರು. ಆ ಮನೆಯಲ್ಲಿ ಎಡೆಯ ಊಟಕ್ಕೆ ಹೊರಗಿನವರನ್ನು ಕೂರಿಸುವ ವಾಡಿಕೆ ಇಲ್ಲ. ಮರುಳಸಿದ್ದಮ್ಮನನ್ನು ಕೈಹಿಡಿದು ಮನೆಯವರ ಸಾಲಿನಲ್ಲೇ ಕೂರಿಸಿದರು.

ಆ ದಿನದ ಬಗ್ಗೆ ಕೇಳಿದರೆ ಮರುಳಸಿದ್ದಮ್ಮ ಸೆರಗಿನಿಂದ ಬಾಯಿ ಮುಚ್ಚಿ ನಗುತ್ತಾರೆ. ಈಗ ಅವರ ಮುಂದಿನ ಪರದೆಯಲ್ಲಿ ಮಾಗಳದ ಒಂದು ಮನೆಯವರ ಅಜ್ಜನಿಗಾಗಿ ಹುಡುಕಾಟ ನಡೆದಿದೆ.

“ಮೂರು ಹೋಳಿಗಿ ತಿಂದಿದ್ದೆ ನೋಡ್ರಿ. ಸಾಕು ಯವ್ವಾ ಅಂದೆ. ‘ಅವು ನಮ್ಮವ್ವನವು, ಇದೊಂದು ನಮ್ಮಪ್ಪಂದು’ ಅಂತ ಕನಕಮ್ಮ ನಾಕನೇದು ಎಲಿಗೆ ಹಾಕಿದ್ಲು. ಬರ್ಮಾದಿಂದ ಬಂದಾನ್ರಿ ಆ ಮನಿಷಾ. ಅಷ್ಟು ದೂರದಿಂದ ಬಂದೋರಿಗೆ ಬ್ಯಾಡ ಅನ್ನಾಕ ಬರ್ತತೇನು? ತಿಂದೆ.”