ಬೆಂಕಿ ಮಲಗುವ ತನಕ

ಹಗ್ಗ ನೀಲಿ ಬಣ್ಣದ್ದು ಎಂದೇ ನನ್ನ ನೆನಪು. ಹಸಿರು ಎನ್ನುತ್ತಾರೆ ನನ್ನ ಗಂಡ ಮಹೇಶ. ಸುಟ್ಟದ್ದು ಅವರ ಕೈ, ಹಾಗಾಗಿ ಅವರೇ ಸರಿ ಇರಬಹುದು. ಧಾರವಾಡದಲ್ಲಿ ಇತಿಹಾಸ ಓದುವಾಗ, ಕಣ್ಣಾರೆ ಕಂಡವರ ಮಾತನ್ನೂ ಒಮ್ಮೆ ಅನುಮಾನಿಸಿ ನೋಡಬೇಕೆಂದು ಕಲಿಸಿದ್ದರು. ನಾನು ಕಣ್ಣಾರೆ ಕಂಡವಳೂ ಅಲ್ಲ. ಇಲ್ಲಿ ಬರೆದದ್ದರಲ್ಲಿ ಅರ್ಧ ಇತರರಿಂದ ಕೇಳಿದ್ದು. ಉಳಿದದ್ದು ನಿದ್ದೆಗೆಟ್ಟ ದಿನಗಳಲ್ಲಿ ಗೀಚಿಕೊಂಡದ್ದು. ಕೆಲವು ವಿವರ ತಪ್ಪಿರಬಹುದು.

ಅಂಗೈ ಮಾತ್ರ ತಪ್ಪಿಲ್ಲ.

ರೋಣದ ದವಾಖಾನೆಯ ಬೆಂಚಿನ ಮೇಲೆ ಅವರು ಬಲಗೈಯನ್ನು ಎದೆಯ ಮಟ್ಟಕ್ಕೆ ಹಿಡಿದು ಕೂತಿದ್ದರು, ಯಾರಿಗೋ ಏನನ್ನೋ ಕೊಡಲು ಬಂದವರ ಹಾಗೆ. ಕರಗಿದ ನೈಲಾನ್ ಹಗ್ಗ ಚರ್ಮದೊಳಗೆ ಇಳಿದು ಅಲ್ಲೇ ಗಟ್ಟಿಯಾಗಿತ್ತು.

"ಭಾಳ ಉರಿಯಾಕತ್ತೈತೇನ್ರಿ?"

"ಸುತ್ತ ಉರಿ ಐತಿ. ನಡುವ ಏನೂ ಇಲ್ಲ."

ಅದು ಒಳ್ಳೆಯ ಸುದ್ದಿ ಎಂದುಕೊಂಡೆ. ಡಾಕ್ಟರು ಹಾಗೆ ಅಂದುಕೊಳ್ಳಲಿಲ್ಲ. "ನೋವಿಲ್ಲ ಅಂದ್ರ ಆಳಕ್ಕ ಸುಟ್ಟೈತಿ ಅಂತ್ರಿ ಅಕ್ಕಾರ. ಲಗೂ ಹುಬ್ಬಳ್ಳಿಗೆ ಕರಕೊಂಡು ಹೋಗ್ರಿ. ಬರ್ನ್ಸ್ ವಾರ್ಡ್ ಇದ್ದಲ್ಲಿ."

ಗಜೇಂದ್ರಗಡದಲ್ಲಿ, ರೋಣದ ರಸ್ತೆಗೆ, ನಮ್ಮದೊಂದು ವೆಲ್ಡಿಂಗ್ ಅಂಗಡಿ ಇದೆ. ಟ್ರೇಲರ್ ರಿಪೇರಿ, ಗೇಟು, ಕಿಟಕಿ. ಶುರು ಮಾಡಿದವರು ಮಾವ. ಉಸುಕಿನ ಬಕೆಟ್ಟು, ಹಸಿ ಗೋಣಿಚೀಲ ಅಲ್ಲಿ ಇದ್ದೇ ಇರುತ್ತವೆ. ಅದಕ್ಕಿಂತ ದೊಡ್ಡ ಪದ್ಧತಿ ಇನ್ನೊಂದು. ದಿನದ ಕೊನೆಯ ವೆಲ್ಡಿಂಗ್ ಮುಗಿದ ಮೇಲೆ ಯಾರೂ ಎದ್ದು ಹೋಗುವಂತಿಲ್ಲ. ಮನೆಯಿಂದ ಥರ್ಮಾಸಿನಲ್ಲಿ ಚಹಾ ಹೋಗುತ್ತದೆ. ಕೆಲಸ ಮಾಡಿದ ಜಾಗದ ಎದುರಿಗೇ ಕೂತು ಅದನ್ನು ನಿಧಾನವಾಗಿ ಕುಡಿಯಬೇಕು. ಆಮೇಲೆ ಮಾವ ಎದ್ದು, ಬಿಸಿ ಉಳಿದಿದೆಯೇ ಎಂದು ಅಂಗೈಯನ್ನು ತಾಗಿಸಿಯೂ ತಾಗಿಸದ ಹಾಗೆ ಕಬ್ಬಿಣದ ಮೇಲೆ, ಹಲಗೆಯ ಮೇಲೆ, ಮೂಲೆಗಳಲ್ಲಿ ಆಡಿಸುತ್ತಾರೆ.

"ಬೆಂಕಿ ಮಲಗೇತೇನೋ?"

"ಮಲಗೇತಿ ಅಪ್ಪಾ."

ಆಗ ಶಟರ್ ಇಳಿಯುತ್ತದೆ. ಮದುವೆಯಾದ ಹೊಸದರಲ್ಲಿ ನನಗೆ ನಗು ಬಂದಿತ್ತು. "ಜೋಗುಳಾ ಹಾಡಂಗಿಲ್ಲೇನ್ರಿ ಮಾವಾರ?" ಎಂದು ಕೇಳಿದ್ದೆ. "ಹಾಡತೇವಲ್ಲ ಯವ್ವಾ. ಗೊರಕಿ ಕೇಳಿದ ಮ್ಯಾಲ ಮನಿಗೆ ಬರತೇವಿ" ಅಂದಿದ್ದರು.

ಅದು ಹತ್ತಿ ಬಿಡಿಸುವ ಹಂಗಾಮು. ಸವಡಿಯ ರೈತರೊಬ್ಬರ ಟ್ರೇಲರಿನ ಹಿಂಬಾಗಿಲು ಕಿತ್ತು ಜೋತುಬಿದ್ದಿತ್ತು. ಗಾಡಿಯನ್ನು ನಮ್ಮಲ್ಲಿಗೆ ತರುವಂತಿರಲಿಲ್ಲ. ಮಷಿನ್ ಹೇರಿಕೊಂಡು ಅಪ್ಪ ಮಗ ಅಲ್ಲಿಗೇ ಹೋದರು. ಟ್ರೇಲರ್ ಗುಡಿಸಿದರು, ನೀರು ಚಿಮುಕಿಸಿದರು, ಹಸಿ ಗೋಣಿ ಹಾಸಿದರು. ಆದರೆ ಅದು ವರ್ಷಗಟ್ಟಲೆ ಹತ್ತಿ ಹೇರಿದ ಗಾಡಿ. ತಗಡಿನ ಸಂದಿಗಳಲ್ಲಿ ಅರಳೆ ಒತ್ತಿ ಕೂತಿತ್ತು. ಕಿಡಿಯೊಂದು ಅಲ್ಲಿ ಸೇರಿಕೊಂಡಿತು. ಅರಳೆಗೆ ಬಿದ್ದ ಕಿಡಿ ಒಮ್ಮೆಲೇ ಉರಿಯುವುದಿಲ್ಲ, ಯಾರಿಗೂ ಕಾಣದ ಹಾಗೆ ಒಳಗೊಳಗೇ ತಿನ್ನುತ್ತ ಹೋಗುತ್ತದೆ. ಅದಕ್ಕೆಂದೇ ನಮ್ಮಲ್ಲಿ ಆ ಚಹಾ.

ಚಹಾ ಕುಡಿದರು. ಆದರೆ ಮನೆಯೊಳಗೆ ಕೂತು.

ಆ ಮನೆಯ ಯಜಮಾನಿ ಹೊರಗೆ ಕೂರಗೊಡಲಿಲ್ಲವಂತೆ. "ಹಿರೇರು ಬಂದು ಬಿಸಲಾಗ, ದನದ ಬಾಜೂಕ ಕುಂತು ಚಹಾ ಕುಡಿದ್ರ ಊರ ಮಂದಿ ನಮಗ ಏನಂದಾರ್ರಿ? ಬರ್ರಿ ಒಳಗ." ಜಮಖಾನೆ ಹಾಸಿದ್ದರು. ಗಿರಮಿಟ್ ಮಾಡಿದ್ದರು. ಕೈಕಾಲಿಗೆ ನೀರು ಕೊಟ್ಟು ಕಾಯುತ್ತಿದ್ದರು. ನಮ್ಮ ಕಡೆ ಇಷ್ಟಾದ ಮೇಲೆ ಒಲ್ಲೆ ಎನ್ನುವುದು ಸಣ್ಣ ಮಾತಲ್ಲ.

ಹೊರಗೆ ಗಾಳಿ ಎದ್ದಿತು. ಟ್ರೇಲರಿನಿಂದ ಬೆಂಕಿ ಪಕ್ಕದ ಜೋಳದ ಕಣಿಕೆಯ ಬಣವೆಗೆ ಹತ್ತಿತು. ಬಣವೆಯ ಮಗ್ಗುಲಿಗೆ ಆಕಳು ಕಟ್ಟಿತ್ತು. ಮಹೇಶ ಓಡಿಹೋಗಿ ಗಂಟಿಗೆ ಕೈ ಹಾಕಿದರು. ಆಕಳು ಗಾಬರಿಯಿಂದ ಜಗ್ಗಿ ಗಂಟು ಬಿಗಿದಿತ್ತು. ಬಿಚ್ಚುವಷ್ಟರಲ್ಲಿ ಹಗ್ಗಕ್ಕೆ ಬೆಂಕಿ ತಗುಲಿ ಕೈಯಲ್ಲೇ ಕರಗಿತು.

ಆಕಳು ಉಳಿಯಿತು.

ಹುಬ್ಬಳ್ಳಿಯಲ್ಲಿ ತೊಡೆಯ ಚರ್ಮ ತೆಗೆದು ಕೈಗೆ ಸ್ಕಿನ್ ಗ್ರಾಫ್ಟ್ ಮಾಡಿದರು. ಡ್ರೆಸ್ಸಿಂಗ್ ಬದಲಿಸುವಾಗ ಅವರು ಗೋಡೆ ನೋಡುತ್ತಿದ್ದರು, ನಾನು ಅವರ ಕಿವಿ ನೋಡುತ್ತಿದ್ದೆ. ಕಿವಿ ಕೆಂಪಾದರೆ ನೋವು ಹೆಚ್ಚಾಗಿದೆ ಎಂದು ತಿಳಿಯುತ್ತಿತ್ತು. ಬಾಯಿಬಿಟ್ಟು ಹೇಳುವ ಪೈಕಿ ಅಲ್ಲ ಅವರು. ರೊಟ್ಟಿ ಮುರಿದು, ಪಲ್ಯ ಹಚ್ಚಿ ತಿನ್ನಿಸುತ್ತಿದ್ದೆ. "ತಡೀ, ನಾ ಏನ್ ಟ್ರೇಲರ್ ಏನ? ಹಿಂಗ ಹೇರಾಕತ್ತಿ!" ಎಂದರು ಒಮ್ಮೆ. ಪಕ್ಕದ ಹಾಸಿಗೆಯವರೂ ನಕ್ಕರು. ನಾನು ನಗುತ್ತಲೇ ಹೊರಗೆ ಹೋಗಿ ಅತ್ತು ಬಂದೆ. ಅಥವಾ ಅದು ಬೇರೆ ದಿನವೋ.

ಡಾಕ್ಟರ್ ಸ್ಪಷ್ಟವಾಗಿ ಹೇಳಿದ್ದರು: "ಚರ್ಮ ಹತ್ಕೊಂಡೈತಿ. ಬೆರಳು ಮಡಚತಾವೋ ಇಲ್ಲೋ, ಈಗ ಹೇಳಾಕ ಬರಂಗಿಲ್ಲ." ಬೆರಳು ಮಡಚದಿದ್ದರೆ ವೆಲ್ಡಿಂಗ್ ಹೋಲ್ಡರ್ ಹಿಡಿಯುವಂತಿಲ್ಲ. ಅವರಿಗೆ ಬೇರೆ ಕೆಲಸ ಬರುವುದಿಲ್ಲವೆಂದಲ್ಲ. ಬೇರೆ ಕೆಲಸದಲ್ಲಿ ಅವರನ್ನು ಊಹಿಸಿಕೊಳ್ಳಲು ನನಗೇ ಬರುತ್ತಿರಲಿಲ್ಲ.

ಇಂಥ ದಿನಗಳಲ್ಲಿ ನಾನು ಕೇಳದೆಯೇ ಮಹೇಶ ಹೇಳಿದರು. "ಅಪ್ಪ ಹೊರಗ ಕುಂಡ್ರತೇನಿ ಅಂದಿದ್ದ. ನಾನ ಕೈ ಹಿಡದು ಎಬ್ಬಿಸಿ ಒಳಗ ಕರಕೊಂಡು ಹೋದೆ."

ಅದೇ ವಾರ್ಡಿನ ಹೊರಗೆ ಮಾವ ಹೇಳಿದರು. "ಅಂವ ಒಲ್ಲೆ ಅಂದ ಯವ್ವಾ. ಮದಲ ಎದ್ದಾಂವ ನಾನ."

ಸವಡಿಯ ಆ ತಾಯಿ ಅದೇ ಆಕಳ ಹಾಲು ಕಾಸಿ ತಂದಿದ್ದರು. ಲೋಟ ನನ್ನ ಕೈಗಿಟ್ಟು, "ಕರದು ಕರದು ಒಳಗ ಕುಂಡ್ರಿಸಿದಾಕಿ ನಾನ. ನಾನ ಸುಟ್ಟಂಗಾತು" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

ಮೂರು ಮಾತೂ ನಿಜವಾಗಲು ಸಾಧ್ಯವಿಲ್ಲ. ಓದುವ ದಿನಗಳಾಗಿದ್ದರೆ ಯಾವುದು ಸರಿ ಎಂದು ಹುಡುಕುತ್ತಿದ್ದೆನೇನೋ. ಈಗ ಹಾಲನ್ನು ಮಹೇಶರಿಗೆ ಕುಡಿಸಿದೆ.

ಮನೆಗೆ ಬಂದ ಮೇಲೆ ಫಿಜಿಯೋಥೆರಪಿ. ಹಿಚುಕಲು ರಬ್ಬರ್ ಚೆಂಡು ಕೊಟ್ಟಿದ್ದರು. ಅದು ಅವರಿಗೆ ಬೇಸರ ತಂದಿತು. ಬೆಳಿಗ್ಗೆ ರೊಟ್ಟಿ ಮಾಡುವಾಗ ಜೋಳದ ಹಿಟ್ಟಿನ ಮುದ್ದೆಯೊಂದನ್ನು ಅವರ ಕೈಗಿಟ್ಟೆ. ಮೊದಲು ಅದರ ಮೇಲೆ ಗುರುತೂ ಬೀಳುತ್ತಿರಲಿಲ್ಲ. ನಂತರ ಬೆರಳಿನ ಅಚ್ಚು ಮೂಡತೊಡಗಿತು. ಆ ಅಚ್ಚು ಬಿದ್ದ ಹಿಟ್ಟನ್ನೇ ತಟ್ಟಿ ಸುಡುತ್ತಿದ್ದೆ. ಮಾವ ಆ ರೊಟ್ಟಿಯನ್ನೇ ಆರಿಸಿಕೊಂಡು ತಿನ್ನುತ್ತಿದ್ದರು.

ಕಿರುಬೆರಳು ಇನ್ನೂ ಪೂರ್ತಿ ಮಡಚುವುದಿಲ್ಲ. ಉಳಿದವು ಮಡಚುತ್ತವೆ. ಅಷ್ಟಕ್ಕೆ ನಾನು ಕೈಮುಗಿಯುತ್ತೇನೆ, ಯಾರಿಗೆ ಎಂದು ಸರಿಯಾಗಿ ಗೊತ್ತಿಲ್ಲದೆ. ಆದರೆ ಹೊಸ ಚರ್ಮಕ್ಕೆ ಬಿಸಿ ಗೊತ್ತಾಗುವುದಿಲ್ಲ.

ಹೋದ ವಾರ ಅಂಗಡಿ ತೆರೆದರು. ಒಂದು ಕಿಟಕಿಯ ಸರಳು, ಅಷ್ಟೇ ಕೆಲಸ. ಸಂಜೆ ಥರ್ಮಾಸ್ ನಾನೇ ಒಯ್ದೆ. ಮೂವರೂ ಕಿಟಕಿಯ ಎದುರಿಗೆ ಕೂತು ಕುಡಿದೆವು. ಚಹಾ ಮುಗಿಯಿತು. ಮಾವ ಏಳಲಿಲ್ಲ. ಕೈ ತಮ್ಮ ಮಂಡಿಯ ಮೇಲೇ ಇತ್ತು. ಮಹೇಶ ಬಲಗೈ ಮುಂದೆ ಮಾಡಿ, ಏನೋ ನೆನಪಾದವರಂತೆ ಹಿಂದಕ್ಕೆ ತೆಗೆದುಕೊಂಡರು. ನಾನು ಎದ್ದು ಅಂಗೈ ಆಡಿಸಿದೆ: ಸರಳಿನ ಮೇಲೆ, ನೆಲದ ಮೇಲೆ, ಮೂಲೆಯ ಗೋಣಿಯ ಮೇಲೆ.

"ಮಲಗೇತ್ರಿ" ಎಂದೆ.

ಮಹೇಶ ಶಟರ್ ಇಳಿಸಲು ಹೋದರು. ಮಾವ ಖಾಲಿ ಲೋಟ ಹಿಡಿದು ಕೂತೇ ಇದ್ದರು. ಆಗ ನಾನು ಒಂದು ಮಾತು ಕೇಳಿದೆ. ಯಾರನ್ನೂ ತಪ್ಪಿತಸ್ಥರನ್ನಾಗಿಸಲು ಅಲ್ಲ. ಮಾವ ನನ್ನನ್ನು ನೋಡಿದರು, ಲೋಟವನ್ನು ಪಕ್ಕಕ್ಕಿಟ್ಟರು, ಮತ್ತೆ ಎತ್ತಿಕೊಂಡರು. ನಾನು ಕೇಳಿದ್ದು ಇಷ್ಟೇ:

"ಮಾವಾರ, ಆವತ್ತ ಆ ಅವ್ವಾರಿಗೆ, ಬೆಂಕಿ ಇನ್ನೂ ಮಲಗಿಲ್ಲ, ಚಹಾ ಇಲ್ಲೇ ಹೊರಗ ತರ್ರಿ ಅಂದಿದ್ರ, ಅವರು ತರತಿದ್ದಿಲ್ಲೇನ್ರಿ?"