ಶಿಲುಬೆ ಹಾಸುವ ಅಸ್ಕಲೆ

ಇನ್ನೂ ಬೆಳಕು ಹರಿದಿಲ್ಲ. ದೆಸ್ಸಿ ಊರಾಚೆಯ ಹೊಳೆಯಲ್ಲಿ ಅಸ್ಕಲೆ ಮೊಣಕಾಲುದ್ದ ನೀರಿಗಿಳಿದು, ಹದಿನೆಂಟು ಮೊಳದ ಬಿಳಿ ಬಟ್ಟೆಯನ್ನು ಎಂದೋಡ್ ಕಾಯಿಯ ನೊರೆ ಹಚ್ಚಿ ತಿಕ್ಕುತ್ತಿದ್ದಾಳೆ. ಬಟ್ಟೆಯ ನಡುವೆ ಕೆಂಪು ಶಿಲುಬೆ. ಇದು ಆಸ್ಪತ್ರೆ ಎಂದು ಇಟಲಿಯ ವಿಮಾನದವರು ತಿಳಿದು ಬಿಟ್ಟುಹೋಗಲಿ ಎಂದು ಡೇರೆಗಳ ಮುಂದೆ ಅದನ್ನು ನೆಲಕ್ಕೆ ಹಾಸಬೇಕು, ಅಂಚಿಗೆ ನಲವತ್ತು ಕಲ್ಲು ಹೇರಬೇಕು. ಆಮೇಲೆ ಗಾಯದ ಪಟ್ಟಿಗಳ ಒಗೆತ, ದಿನಕ್ಕೆ ಇನ್ನೂರಕ್ಕೆ ಕಡಿಮೆಯಿಲ್ಲ. ಪರದೇಶಿ ಡಾಕ್ಟರು ಊರಿಗೆಲ್ಲ ಗೊತ್ತು. ಇವಳ ಹೆಸರೆತ್ತಿದರೆ "ಯಾವ ಅಸ್ಕಲೆ?" ಅನ್ನುತ್ತಾರೆ.

ಇಟಲಿಯ ಸೈನ್ಯ ಗಡಿ ದಾಟಿ ಐದು ತಿಂಗಳು. ಅಲ್ಲಿಯವರೆಗೆ ಬಾರ್ಲಿಯ ತೆಲ್ಲಾ ಹೆಂಡ ಮಾಡಿ ಮಾರುತ್ತಿದ್ದವಳು ಇವಳು. ತಮ್ಮ ಮೆಂಗೆಶಾ ತೊಡೆಮೂಳೆ ಮುರಿದುಕೊಂಡು ಮೂರನೆಯ ಡೇರೆ ಸೇರಿದ ಮೇಲೆ ಇಲ್ಲೇ ಉಳಿದಳು. ಅವನನ್ನು ಅಲುಗಿಸುವಂತಿಲ್ಲ.

ತನ್ನಿಂದಾದ ಎಡವಟ್ಟನ್ನು ಅವಳೇ ಹೇಳುತ್ತಾಳೆ. "ಶಿಲುಬೆ ಅಂದ್ರೆ ಮುತ್ತಿಡೋದು, ಹಣೆಗೆ ಒತ್ತಿಕೊಳ್ಳೋದು. ನೆಲಕ್ಕೆ ಹಾಸಿದ್ರೆ ನಾಯಿ ಓಡಾಡ್ತು, ಹೇಸರಗತ್ತೆ ತುಳೀತು. ಕರುಳು ಚುರ್ ಅಂತು. ಎತ್ತಿ ಮರಕ್ಕೆ ನೆಟ್ಟಗೆ ಕಟ್ಟಿಬಿಟ್ಟೆ."

ಅಂದೇ ಬಾಂಬು ಬಿತ್ತು. ನಾಲ್ವರು ಸತ್ತರು. ವಿಮಾನದವರಿಗೆ ಮೇಲಿನಿಂದ ಶಿಲುಬೆ ಕಂಡಿರಲಿಕ್ಕಿಲ್ಲ ಎಂದರು ಡಾಕ್ಟರು. ಅಯ್ಯೋ, ಎರಡು ದಿನ ಅಸ್ಕಲೆ ಇಂಜೆರಾ ರೊಟ್ಟಿ ಮುಟ್ಟಲಿಲ್ಲ. ಮತ್ತೆ ನೆಲಕ್ಕೇ ಹಾಸಿದಳು. ವಾರ ಕಳೆದು ವಿಮಾನ ಇನ್ನೂ ತಗ್ಗಿನಲ್ಲಿ ಬಂತು, ಬಟ್ಟೆಯ ಪಕ್ಕಕ್ಕೇ ಬಾಂಬು ಹಾಕಿತು!

"ಏನಮ್ಮಾ, ಸಾವಿಗೆ ಚಾಪೆ ಹಾಸಿ ಕರೀತಿದ್ದೀಯಾ? ಮಡಚಿಡು," ಎಂದು ಪಾದ್ರಿ ಅಬ್ಬಾ ತೆಕ್ಲು ಗದರುತ್ತಾರೆ. ಡಾಕ್ಟರು ಹಾಸು ಅನ್ನುತ್ತಾರೆ. ಯಾರ ಮಾತು ಸರಿ? ಅಸ್ಕಲೆಗೆ ದೇವರಾಣೆ ಗೊತ್ತಿಲ್ಲ.

ಜಿನೀವಾದಲ್ಲಿ ಐವತ್ತು ದೇಶ ಸೇರಿ ಇಟಲಿಗೆ ಬಹಿಷ್ಕಾರ ಹಾಕಿವೆಯೆಂದು ಮೆಂಗೆಶಾ ಕೇಳಿಸಿಕೊಂಡಿದ್ದಾನೆ. "ಅವರಿಗೆ ಕತ್ತೆ ಮಾರಲ್ವಂತೆ ಅಕ್ಕಾ. ಪೆಟ್ರೋಲು ಮಾತ್ರ ಮಾರ್ತಾರಂತೆ."

"ಅಲ್ವೋ, ವಿಮಾನ ಎಳೆಯೋದು ಕತ್ತೇನಾ?"

ಇಬ್ಬರಿಗೂ ನಗು ಬರುವುದಿಲ್ಲ.

ಬಟ್ಟೆ ಹಿಂಡಿ ಹೆಗಲಿಗೇರಿಸಿ ಬರುವಷ್ಟರಲ್ಲಿ ಬೆಟ್ಟದಾಚೆ ಗುಂಯ್ ಎನ್ನುವ ಸದ್ದು. "ಇವತ್ತು ಹಾಸಬೇಡ ಕಣಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ," ಎಂದು ಡೇರೆಯೊಳಗಿಂದ ತಮ್ಮ ಕೂಗುತ್ತಾನೆ. ಅಸ್ಕಲೆ ಬಟ್ಟೆ ಹಾಸುತ್ತಾಳೆ, ಒಂದೊಂದೇ ಕಲ್ಲು ಹೇರುತ್ತಾಳೆ.

"ಸರಿಯೋ ತಪ್ಪೋ ನಂಗೊತ್ತಿಲ್ಲಪ್ಪ," ಅನ್ನುತ್ತಾಳೆ. "ಆದ್ರೆ ಬಟ್ಟೆ ಕೊಳೆಯಾಗಿತ್ತು, ಶಿಲುಬೆ ಕಾಣಲಿಲ್ಲ ಅನ್ನೋ ನೆಪ ಮಾತ್ರ ಅವರಿಗೆ ಸಿಗಬಾರದು. ಒಗೆದಿರೋಳು ನಾನು."