ಬೀಗತಿ ಹಾಕಿದ ಪಥ್ಯ

ನನ್ನ ಶ್ವಾಸಕೋಶದಲ್ಲಿ ಬೂಷ್ಟು ಬೆಳೆದಿದೆ ಎಂದು ದೊಡ್ಡಾಸ್ಪತ್ರೆಯ ಡಾಕ್ಟರು ಹೇಳಿದ ಸುದ್ದಿ ನಮಗಿಂತ ಮೊದಲೇ ನಮ್ಮೂರು ಭಾಗ್ಯನಗರ ಮುಟ್ಟಿತ್ತು. ಅಲ್ಲಿಯವರೆಗೆ ನಮ್ಮ ಓಣಿಗೆ ಗೊತ್ತಿದ್ದದ್ದು ಉಪ್ಪಿನಕಾಯಿಯ ಬೂಷ್ಟೊಂದೇ. ನೋಡಲು ಬಂದವರು ನನ್ನನ್ನು ಒದ್ದೆ ಕೈ ತಾಗಿ ಕೆಟ್ಟ ಭರಣಿಯಂತೆ ನೋಡಿ, ಚಹಾ ಕುಡಿದು ಹೋಗುತ್ತಿದ್ದರು.

ಕೊಟ್ಟ ಕ್ಯಾಪ್ಸೂಲನ್ನು ತಿಂಗಳುಗಟ್ಟಲೆ ನುಂಗಬೇಕು, ಅದೂ ಹೊಟ್ಟೆ ತುಂಬ ಉಂಡ ಕೂಡಲೇ, ಎಂದು ಡಾಕ್ಟರು ಹೇಳಿದ್ದರು. ಆದರೆ ನಮ್ಮ ಮನೆಯಲ್ಲಿ ಬೀಗತಿಯ ಮುಂದೆ ಯಾವ ಡಾಕ್ಟರೂ ನಿಲ್ಲುವುದಿಲ್ಲ. ನನ್ನ ನಾದಿನಿಯನ್ನು ಗಂಗಾವತಿಗೆ ಕೊಟ್ಟಿದೆ. ಅವಳ ಅತ್ತೆ, ಅಂದರೆ ನಮ್ಮತ್ತೆಯ ಬೀಗತಿ, ಪಡಸಾಲೆಯಲ್ಲಿ ಕೂತು ತೀರ್ಪು ಕೊಟ್ಟರು. ಗುಳಿಗೆ ಬಹಳ ಕಾವಿನದು; ಎಣ್ಣೆ, ತುಪ್ಪ, ಶೇಂಗಾ ಎಲ್ಲವೂ ನಂಜು; ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಮೊದಲು ಗ್ಯಾಸಿನ ಗುಳಿಗೆ, ಹಿಂದೆಯೇ ಇದು, ಮೇಲೊಂದು ಬಟ್ಟಲು ಗಂಜಿ. ಇಷ್ಟನ್ನೂ ಹೇಳುವಾಗ ಅವರ ತಾಟಿನಲ್ಲಿ ಹೋಳಿಗೆ ತುಪ್ಪದಲ್ಲಿ ಮುಳುಗಿತ್ತು.

ಮಗಳನ್ನು ಕೊಟ್ಟ ಮನೆಯವರ ಮಾತು ಮೀರುವುದುಂಟೆ? ಅತ್ತೆ ತಲೆಯಾಡಿಸಿದರು. ನಾನು ಡಾಕ್ಟರ ಮಾತು ನೆನಪಿಸಿದರೆ, ಡಾಕ್ಟರಿಗೆ ನಂಜಿನ ಸುದ್ದಿ ಏನು ಗೊತ್ತು ಎಂದರು. ನನ್ನ ಗಂಡ ಯಥಾಪ್ರಕಾರ ಪೇಪರು ಓದುತ್ತಿದ್ದರು. ಅತ್ತೆಯ ಪಥ್ಯದಲ್ಲಿ ಒಗ್ಗರಣೆಯ ವಾಸನೆಗೂ ಜಾಗವಿರಲಿಲ್ಲ. ನನ್ನ ಜೊತೆ ತಾವೂ ತುಪ್ಪ ಬಿಟ್ಟಿದ್ದರು, ಆದ್ದರಿಂದ ಜಗಳ ತೆಗೆಯಲೂ ನನಗೆ ಬಾಯಿ ಬರಲಿಲ್ಲ.

ಕೆಮ್ಮು ಹೋಗಲಿಲ್ಲ, ನಾನು ಮಾತ್ರ ಸವೆಯುತ್ತ ಹೋದೆ. ಮತ್ತೆ ಆಸ್ಪತ್ರೆಗೆ ಹೋದಾಗ ಸ್ಕ್ಯಾನಿನಲ್ಲಿ ಕಲೆ ದೊಡ್ಡದಾಗಿತ್ತು. ರಕ್ತ ಪರೀಕ್ಷೆ ಮಾಡಿಸಿದರೆ ಅದರಲ್ಲಿ ಔಷಧಿಯೇ ಇಲ್ಲವೆನ್ನುವಷ್ಟು ಕಡಿಮೆ. ನಿಜವಾಗಿ ನುಂಗುತ್ತಿದ್ದೀರಾ ಎಂದು ಡಾಕ್ಟರು ಕೇಳಿದರು. ಅತ್ತೆ ಅಭಿಮಾನದಿಂದ ಪಥ್ಯದ ವರದಿ ಒಪ್ಪಿಸಿದರು. ಹೊಟ್ಟೆಯಲ್ಲಿ ಊಟ ಮತ್ತು ಹುಳಿ ಇಲ್ಲದಿದ್ದರೆ ಈ ಕ್ಯಾಪ್ಸೂಲು ರಕ್ತಕ್ಕೆ ಸೇರುವುದಿಲ್ಲ, ಗ್ಯಾಸಿನ ಗುಳಿಗೆ ಆ ಹುಳಿಯನ್ನೇ ತೆಗೆಯುತ್ತದೆ, ಹೀಗೇ ನಡೆದರೆ ಇವರು ಉಳಿಯುವುದು ಕಷ್ಟ ಎಂದರು ಡಾಕ್ಟರು.

ಬಸ್ಸಿನಲ್ಲಿ ಅತ್ತೆ ನನ್ನ ಕೈ ಹಿಡಿದರು.

"ಉಪಾಸ ಕೆಡವಿ ನಿನ್ನ ನಾನೇ ಕೊಲ್ಲಾಕತ್ತಿದ್ನಲ್ಲವ್ವಾ."

ನನಗೆ ಸಿಟ್ಟಿತ್ತು, ಬೇಕಾದಷ್ಟಿತ್ತು. ಆದರೂ ಹಿಡಿದ ಕೈ ಬಿಡಿಸಿಕೊಳ್ಳಲಿಲ್ಲ.

ಮುಂದಿನ ವಾರ ಬೀಗತಿ ಬಂದಾಗ ನಾನು ರೊಟ್ಟಿ, ಎಣ್ಣೆಗಾಯಿ ಪಲ್ಯ ಉಣ್ಣುತ್ತಿದ್ದೆ. ಅವರು ಹೌಹಾರಿ, ಹೇಳಿದ ಮಾತಿಗೆ ಈ ಮನೆಯಲ್ಲಿ ಬೆಲೆಯಿಲ್ಲವೇ, ನಾಳೆ ನಿಮ್ಮ ಮಗಳೂ ಹೀಗೇ ಮಾಡಿಯಾಳು ಎಂದರು. ಬೀಗತಿಯ ಎದುರು ಎಂದೂ ದನಿ ಎತ್ತದ ಅತ್ತೆ ಇನ್ನೊಂದು ಸೌಟು ಪಲ್ಯ ನನಗೆ ಬಡಿಸಿದರು.

"ಬೀಗರ, ನಿಮ್ಮನ್ಯಾಗ ಇರೂದು ನನ್ನ ಮಗಳು ಖರೇ. ಈಕಿನೂ ನನ್ನ ಮಗಳು. ಉಣ್ಣಾಕ ಬಿಡ್ರಿ."